ನಾಥನ್ ರಾಥ್‌ಚೈಲ್ಡ್: ಕಟ್ಟುಕತೆಗೆ ಉತ್ತರ ನೀಡಿದ ಹಳೆಯ ಕಾಗದಪತ್ರಗಳು

19ನೇ ಶತಮಾನದ ಯುರೋಪಿನಲ್ಲಿ ರಾಜರಿಗೂ ಸರಕಾರಗಳಿಗೂ ಸಾಲ ಕೊಟ್ಟ ಮನೆತನ ರಾಥ್‌ಚೈಲ್ಡ್. ಅದರ ಲಂಡನ್ ಶಾಖೆಯನ್ನು ಕಟ್ಟಿ ಬೆಳೆಸಿದವರು ನಾಥನ್ ಮೇಯರ್ ರಾಥ್‌ಚೈಲ್ಡ್. ಅವರ ಬದುಕಿನಷ್ಟೇ ಅವರ ಮನೆತನ ಕಾಪಾಡಿಕೊಂಡು ಬಂದ ಕಾಗದಪತ್ರಗಳ ಕತೆಯೂ ಗಮನಾರ್ಹವಾದುದು.

ನಾಥನ್ 1777ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಇಕ್ಕಟ್ಟಾದ ಯಹೂದಿ ಕೇರಿಯಲ್ಲಿ ಜನಿಸಿದರು. ಯೌವನದಲ್ಲೇ ಇಂಗ್ಲೆಂಡಿಗೆ ವಲಸೆ ಹೋಗಿ, ಮ್ಯಾಂಚೆಸ್ಟರ್‌ನಲ್ಲಿ ಬಟ್ಟೆ ವ್ಯಾಪಾರ ನಡೆಸಿ, ಬಳಿಕ ಲಂಡನ್ನಿನಲ್ಲಿ ಬ್ಯಾಂಕಿಂಗ್ ವ್ಯವಹಾರಕ್ಕಿಳಿದರು. ಅವರ ನಾಲ್ವರು ಸಹೋದರರು ಕಾಲಕ್ರಮೇಣ ಫ್ರಾಂಕ್‌ಫರ್ಟ್, ಪ್ಯಾರಿಸ್, ವಿಯೆನ್ನಾ ಹಾಗೂ ನೇಪಲ್ಸ್ ನಗರಗಳಲ್ಲಿ ವ್ಯವಹಾರ ನೋಡಿಕೊಂಡರು. ಐವರನ್ನೂ ಬೆಸೆದಿದ್ದುದು ನಿರಂತರ ಪತ್ರ ವ್ಯವಹಾರ. ನಮ್ಮಲ್ಲಿ ತುಳು, ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವಂತೆ, ಅವರು ತಮ್ಮ ಆಡುನುಡಿಯ ಜರ್ಮನ್ ಭಾಷೆಯನ್ನು ಹೀಬ್ರೂ ಲಿಪಿಯಲ್ಲಿ ಬರೆಯುತ್ತಿದ್ದರು.

1814ರಲ್ಲಿ ನೆಪೋಲಿಯನ್ ವಿರುದ್ಧ ಹೋರಾಡುತ್ತಿದ್ದ ವೆಲಿಂಗ್ಟನ್‌ನ ಸೇನೆಗೆ ಚಿನ್ನದ ನಾಣ್ಯ ಒದಗಿಸುವ ಹೊಣೆಯನ್ನು ಬ್ರಿಟಿಷ್ ಸರಕಾರ ನಾಥನ್‌ಗೆ ವಹಿಸಿತು. ಮರುವರ್ಷ ವಾಟರ್ಲೂ ಯುದ್ಧ ನಡೆಯಿತು. ಮುಂದೆ 1825ರ ಆರ್ಥಿಕ ಬಿಕ್ಕಟ್ಟಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ ಚಿನ್ನ ಒದಗಿಸಿ ಅದರ ನೆರವಿಗೆ ನಿಂತವರೂ ಅವರೇ. ಪುತ್ರ ಲಯನೆಲ್‌ನ ವಿವಾಹಕ್ಕೆಂದು ಫ್ರಾಂಕ್‌ಫರ್ಟ್‌ಗೆ ತೆರಳಿದ್ದ ಅವರು 1836ರ ಜುಲೈ 28ರಂದು ಅಲ್ಲೇ ನಿಧನರಾದರು.

ಅವರು ತೀರಿಹೋದ ಹತ್ತು ವರ್ಷಗಳಿಗೆ, 1846ರಲ್ಲಿ, ಪ್ಯಾರಿಸ್‌ನಲ್ಲಿ ಒಂದು ಕರಪುಸ್ತಿಕೆ ಹೊರಬಂತು. ನಾಥನ್ ವಾಟರ್ಲೂ ಯುದ್ಧವನ್ನು ಕಣ್ಣಾರೆ ಕಂಡು, ಬಿರುಗಾಳಿಯಲ್ಲಿ ಸಮುದ್ರ ದಾಟಿ ಲಂಡನ್ ತಲುಪಿ, ಶೇರು ಪೇಟೆಯಲ್ಲಿ ಕೋಟಿಗಟ್ಟಲೆ ಬಾಚಿದರು ಎಂಬುದು ಅದರ ಸಾರ. ಕತೆ ಬಾಯಿಂದ ಬಾಯಿಗೆ ಹರಡಿತು. 1940ರಲ್ಲಿ ನಾಜಿಗಳು ಇದನ್ನೇ ಚಲನಚಿತ್ರವಾಗಿಸಿ ಯಹೂದಿ ದ್ವೇಷಕ್ಕೆ ಬಳಸಿಕೊಂಡರು.

ಇದಕ್ಕೆ ಉತ್ತರ ದೊರೆತದ್ದು ಮನೆತನದ ಪತ್ರಗಳು ಹಾಗೂ ಲೆಕ್ಕಪತ್ರಗಳಲ್ಲಿ. ಯುದ್ಧದ ದಿನ ನಾಥನ್ ರಣರಂಗದಲ್ಲಿ ಇರಲೇ ಇಲ್ಲ. ಗೆಲುವಿನ ಸುದ್ದಿ ಅವರಿಗೆ ಬೇಗ ತಲುಪಿದ್ದಿರಬಹುದು, ಅಲ್ಪಸ್ವಲ್ಪ ಲಾಭವೂ ಆಗಿರಬಹುದು. ಆದರೆ ಯುದ್ಧ ದೀರ್ಘಕಾಲ ನಡೆಯುವುದೆಂದು ಎಣಿಸಿ ಸಹೋದರರು ಚಿನ್ನ ಸಂಗ್ರಹಿಸಿದ್ದರು. ಅದು ದಿಢೀರನೆ ಮುಗಿದದ್ದು ಅವರಿಗೆ ಪೇಚಾಟವನ್ನೇ ತಂದಿತ್ತು.

ಕಾಗದಗಳು ಹೊಗಳಿಕೆಯನ್ನಷ್ಟೇ ಉಳಿಸುವುದಿಲ್ಲ. ಬ್ರಿಟನ್ ಗುಲಾಮಗಿರಿಯನ್ನು ರದ್ದುಪಡಿಸಿದಾಗ ಗುಲಾಮರ ಒಡೆಯರಿಗೆ ಪರಿಹಾರ ನೀಡಲು 1835ರಲ್ಲಿ ಸರಕಾರ ಎತ್ತಿದ 1.5 ಕೋಟಿ ಪೌಂಡ್ ಸಾಲವನ್ನು ಹೊಂದಿಸಿದವರಲ್ಲಿ ನಾಥನ್ ಪ್ರಮುಖರು. ಪರಿಹಾರ ಪಡೆದವರ ಸರಕಾರಿ ದಾಖಲೆಗಳಲ್ಲೂ ಅವರ ಹೆಸರಿದೆ.

ಎಲ್ಲವೂ ಉಳಿದಿಲ್ಲ. 1915ರಲ್ಲಿ ನಿಧನರಾದ ಅವರ ಮೊಮ್ಮಗ, ಮೊದಲನೇ ಲಾರ್ಡ್ ರಾಥ್‌ಚೈಲ್ಡ್ ಅವರ ಖಾಸಗಿ ಪತ್ರಗಳನ್ನು ಅವರದೇ ಇಚ್ಛೆಯಂತೆ ನಾಶಪಡಿಸಲಾಯಿತು. ವಿಯೆನ್ನಾ ಶಾಖೆಯ ಕಾಗದಪತ್ರಗಳನ್ನು 1938ರ ಬಳಿಕ ನಾಜಿಗಳು ವಶಪಡಿಸಿಕೊಂಡರು. ಯುದ್ಧಾನಂತರ ಮಾಸ್ಕೋ ಸೇರಿದ ಅವು 2001ರಲ್ಲಿ ಕುಟುಂಬಕ್ಕೆ ಮರಳಿದವು. 1978ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ರಾಥ್‌ಚೈಲ್ಡ್ ದಾಖಲೆ ಸಂಗ್ರಹಾಲಯದಲ್ಲಿ ಈಗ ಅವು ಸುರಕ್ಷಿತವಾಗಿವೆ.

ಕರಾವಳಿ ಕರ್ನಾಟಕದಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ, ಕಾರ್ಪೊರೇಷನ್ ಹಾಗೂ ಸಿಂಡಿಕೇಟ್ ಬ್ಯಾಂಕ್‌ಗಳು 2020ರಲ್ಲಿ ವಿಲೀನಗೊಂಡು ಆ ಹೆಸರುಗಳು ಮರೆಯಾಗಿವೆ. ಅವುಗಳನ್ನು ಕಟ್ಟಿದವರ, ಅಲ್ಲಿ ದುಡಿದವರ ಮನೆಗಳ ಅಟ್ಟದಲ್ಲಿ ಹಳೆಯ ಪತ್ರ, ಲೆಕ್ಕದ ಪುಸ್ತಕಗಳಿದ್ದರೆ ರದ್ದಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡುವುದು ಒಳಿತು. ಮುಂದಿನ ತಲೆಮಾರಿಗೆ ನಿಜ ತಿಳಿಯಲು ಅವೇ ಆಧಾರ.