ಡೋಣಿ ಸೀಮೆಯ ಕಲ್ಲು ಓದಿದ ರಾಬರ್ಟ್ ಬ್ರೂಸ್ ಫೂಟ್

ಒಂದೇ ಊರಿನ ಎರಡು ಬೋರುಗಳಲ್ಲಿ ಒಂದಕ್ಕೆ ಸಿಹಿ ನೀರು, ಇನ್ನೊಂದಕ್ಕೆ ಸವಳು ನೀರು ಬೀಳುವುದು ನಮ್ಮ ಭಾಗದ ರೈತರಿಗೆ ಹೊಸದಲ್ಲ. ಸಾಲ ಮಾಡಿ ಕೊರೆಸಿದ ಬೋರಿಗೆ ಹನಿ ನೀರೂ ಬೀಳದಿರುವುದು ಉಂಟು. ಇದನ್ನೆಲ್ಲ ಹಣೆಬರಹ ಎಂದುಬಿಡುತ್ತೇವೆ. ಆದರೆ ನೆಲದಡಿಯ ಕಲ್ಲು ಯಾವುದು, ಅದು ಎಲ್ಲಿ ಸೀಳಿದೆ ಎಂಬುದರ ಮೇಲೆ ನೀರು ನಿಂತಿದೆ. ಈ ಸೀಮೆಯ ಕಲ್ಲುಗಳನ್ನು ಕಾಲ್ನಡಿಗೆ, ಕುದುರೆಗಳ ಕಾಲದಲ್ಲೇ ತಿರುಗಾಡಿ ನಕ್ಷೆಗೆ ಇಳಿಸಿದವರು ರಾಬರ್ಟ್ ಬ್ರೂಸ್ ಫೂಟ್. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅವರನ್ನು ನೆನೆಯಬೇಕೆನಿಸಿತು.

ಫೂಟ್ ಅವರು ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮ್‌ನಲ್ಲಿ. 24ನೆಯ ವಯಸ್ಸಿಗೆ, 1858ರಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿ ಮದ್ರಾಸಿಗೆ ಬಂದರು. 1863ರ ಮೇ 30ರಂದು ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಆಯುಧ ಅವರ ಕಣ್ಣಿಗೆ ಬಿತ್ತು. ಭಾರತದ ಪ್ರಾಗಿತಿಹಾಸದ ಅಧ್ಯಯನ ಅಲ್ಲಿಂದ ಶುರುವಾಯಿತು. ಜಗತ್ತು ಅವರನ್ನು ನೆನೆಯುವುದು ಆ ಒಂದು ಕಲ್ಲಿಗಾಗಿ. ನಮಗೆ ಮಾತ್ರ ಅವರ ಇನ್ನೊಂದು ಕೆಲಸವೇ ದೊಡ್ಡದು.

ಅದು ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಗ್ರಂಥ. 1876ರಲ್ಲಿ ಪ್ರಕಟವಾಯಿತು. ಆಗ ನಮ್ಮ ತಾಲೂಕುಗಳು ಕಲಾದಗಿ ಜಿಲ್ಲೆಯಲ್ಲಿದ್ದವು. ಇಲ್ಲಿನ ಒಂದು ಪ್ರಾಚೀನ ಶಿಲಾಸಮೂಹಕ್ಕೆ ಕಲಾದಗಿಯ ಹೆಸರನ್ನೇ ಫೂಟ್ ಇಟ್ಟರು. ಗೋಕಾಕದ ಹತ್ತಿರ ಸಿಕ್ಕ ಘೇಂಡಾಮೃಗದ ಪಳೆಯುಳಿಕೆಯನ್ನು 1874ರಲ್ಲಿ ಹೊಸ ಜಾತಿಯೆಂದು ವರ್ಣಿಸಿದವರೂ ಅವರೇ.

ಇಂಡಿ, ಸಿಂದಗಿ, ಬಸವನ ಬಾಗೇವಾಡಿಗಳ ಬಹುಭಾಗ ಲಾವಾರಸ ಹೆಪ್ಪುಗಟ್ಟಿದ ಕಪ್ಪು ಕಲ್ಲು. ಅದು ಕರಗಿ ಆದದ್ದೇ ನಮ್ಮ ಎರಿ ಭೂಮಿ. ಜೋಳಕ್ಕೆ ಹೆಸರಾದ ಡೋಣಿಯ ನೀರು ಸವಳಾಗಿರುವುದು ಈ ಮಣ್ಣಿನ ಲವಣದಿಂದ. ತಾಳಿಕೋಟಿಯ ಕಡೆಗೆ ಬಂದರೆ ಫರಸಿ, ಅಂದರೆ ಸುಣ್ಣದ ಕಲ್ಲು. ಮುದ್ದೇಬಿಹಾಳದ ಕೃಷ್ಣಾ ದಂಡೆಯತ್ತ ಹಳೆಯ ಗ್ರಾನೈಟ್. ಕಲ್ಲು ಬದಲಾದಂತೆ ನೀರಿನ ರುಚಿಯೂ ಬದಲಾಗುತ್ತದೆ.

ಕಲ್ಲಿನ ಪದರು ಸೀಳಿ, ಎರಡು ಮಗ್ಗುಲು ಹಿಂದೆಮುಂದೆ ಸರಿದರೆ ಅದು ಸ್ತರಭಂಗ. ಮಳೆನೀರು ಅದರಲ್ಲಿ ಆಳಕ್ಕೆ ಇಳಿಯುತ್ತದೆ. ಕಿಲೋಮೀಟರಿಗೆ ಸಾಮಾನ್ಯವಾಗಿ 25 ಡಿಗ್ರಿಯಷ್ಟು ಕಾವು ಏರುವುದರಿಂದ ನೀರು ಬಿಸಿಯಾಗಿ, ಖನಿಜ ಕರಗಿಸಿಕೊಂಡು, ಅಂಥದೇ ಸೀಳಿನಿಂದ ಮೇಲೆ ಬರುತ್ತದೆ. ಕಾಲ ಕಳೆದಂತೆ ಆ ಖನಿಜವೇ ಗಟ್ಟಿಯಾಗಿ ದಾರಿ ಮುಚ್ಚುತ್ತದೆ. ಭೂಮಿ ಅಲುಗಿದರೆ ಮತ್ತೆ ತೆರೆಯುತ್ತದೆ. ಕೊಂಕಣದ ಬಿಸಿನೀರಿನ ಬುಗ್ಗೆಗಳು ಸಾಲಾಗಿ ಇರುವುದು ಸುಮ್ಮನೆ ಅಲ್ಲ. ನಮ್ಮ ರಾಜ್ಯದಲ್ಲಿ ಪುತ್ತೂರಿನ ಹತ್ತಿರದ ಬೆಂದ್ರುತೀರ್ಥ ಅಂಥದು. ಫೂಟ್ ಅವರ ಮೇಲಧಿಕಾರಿ ಥಾಮಸ್ ಓಲ್ಡ್‌ಹ್ಯಾಮ್ ಭಾರತದ ಬಿಸಿನೀರಿನ ಬುಗ್ಗೆಗಳ ಪಟ್ಟಿಯನ್ನೂ ಭೂಕಂಪಗಳ ಪಟ್ಟಿಯನ್ನೂ ಮಾಡಿದ್ದರು; ಅವರು ತೀರಿಕೊಂಡ ಮೇಲೆ ಮಗ ಎರಡನ್ನೂ ಪ್ರಕಟಿಸಿದರು.

ನಮ್ಮಲ್ಲಿ ಹೆಸರಾದ ಬಿಸಿನೀರಿನ ಬುಗ್ಗೆ ಇಲ್ಲ. ಆದರೆ ತಾಳಿಕೋಟಿಯ ಫರಸಿ ಪದರು ಪೂರ್ವಕ್ಕೆ ಶಹಾಪುರ ತಾಲೂಕಿನ ಗೋಗಿಯವರೆಗೂ ಹೋಗುತ್ತದೆ. ಅಲ್ಲಿನ ಸ್ತರಭಂಗದ ಗುಂಟ ಯುರೇನಿಯಂ ಸಿಕ್ಕಿದೆ. ಹಿಂದೊಮ್ಮೆ ಬಿಸಿಯಾದ ಖನಿಜ ನೀರು ಹರಿದ ದಾರಿ ಅದು. ಆ ಭಾಗದ ಬಾವಿ ನೀರನ್ನು ಪರೀಕ್ಷಿಸದೆ ಕುಡಿಯಬಾರದೆಂಬುದು ಇದಕ್ಕೇ.

ಭೂಮಿ ಅಲುಗಿದಾಗ ಬಾವಿಗೂ ತಿಳಿಯುತ್ತದೆ. 1990ರ ದಶಕದಲ್ಲಿ ಕೊಯ್ನಾ ಪ್ರದೇಶದಲ್ಲಿ 21 ಕೊಳವೆ ಬಾವಿಗಳನ್ನು ಅಳೆಯುತ್ತ ಬಂದಾಗ, ಭೂಕಂಪದ ಹೊತ್ತಿಗೆ ಕೆಲವುಗಳ ನೀರಿನ ಮಟ್ಟ ಏರಿಳಿದದ್ದು ದಾಖಲಾಯಿತು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ನಮ್ಮ ಹಿರಿಯರಿಗೆ ನೆನಪಿದೆ. ಈಚಿನ ವರ್ಷಗಳಲ್ಲಿ ವಿಜಯಪುರ, ಬಾಗೇವಾಡಿ ಕಡೆ ಸಣ್ಣ ನಡುಕ ಬಂದಾಗ ಮನೆಯ ಗೋಡೆ ನೋಡಿಕೊಂಡೆವು. ಬಾವಿಯ ಮಟ್ಟ, ನೀರಿನ ರುಚಿ ಬರೆದಿಟ್ಟುಕೊಂಡವರು ವಿರಳ. ಶಾಲೆಯ ಮಕ್ಕಳೇ ಹಗ್ಗಕ್ಕೆ ಗಂಟು ಹಾಕಿ ಅಳೆಯಬಹುದಾದ ಕೆಲಸ ಇದು.

ಫೂಟ್ ಅವರು 1891ರಲ್ಲಿ ನಿವೃತ್ತರಾದರು. ಆಮೇಲೂ ಬರೋಡಾ, ಮೈಸೂರು ಸಂಸ್ಥಾನಗಳಿಗೆ ದುಡಿದರು. ಧಾರವಾಡದ ಹೆಸರಿನ ಶಿಲಾಶ್ರೇಣಿಯನ್ನು ಗುರುತಿಸಿದ ಕೀರ್ತಿಯೂ ಅವರದೇ. ಮನೆ ಮಾಡಿಕೊಂಡದ್ದು ತಮಿಳುನಾಡಿನ ಯೇರ್ಕಾಡಿನಲ್ಲಿ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಅವರಿಗೆ 78 ವರ್ಷ. ಅವರು ಆರಿಸಿ ತಂದ ಕಲ್ಲಿನ ಆಯುಧಗಳು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ.