ನದಿಯ ನಾಡನ್ನು ಬಿಟ್ಟು ಹೊರಟವರು: ಪ್ರವಾದಿ ಇಬ್ರಾಹೀಮ್(ಅ)



ನೈಲ್, ಟೈಗ್ರಿಸ್, ಯೂಫ್ರೆಟಿಸ್, ಸಿಂಧೂ ಎಂದು ನದಿಗಳ ಹೆಸರನ್ನು ಬಾಯಿಪಾಠ ಮಾಡಿ ನಾವೆಲ್ಲರೂ ಇತಿಹಾಸದ ಪರೀಕ್ಷೆ ಬರೆದವರೇ. ಬಕ್ರೀದ್ ಬಂದಾಗಲೆಲ್ಲ ಪ್ರವಾದಿ ಇಬ್ರಾಹೀಮ್(ಅ)ರ ತ್ಯಾಗದ ಕಥೆ ಕೇಳಿದವರೂ ಹೌದು. ಆದರೆ ಶಾಲೆಯ ಆ ಪಾಠವೂ ಮದ್ರಸದ ಈ ಕಥೆಯೂ ಒಂದೇ ನೆಲಕ್ಕೆ ಸೇರಿದವು ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಇಬ್ರಾಹೀಮರ ಹೆಸರಿರುವ ಅವರ ಕಾಲದ ಶಾಸನ ಇದುವರೆಗೆ ಸಿಕ್ಕಿಲ್ಲ. ಅವರ ಬದುಕನ್ನು ನಮಗೆ ತಿಳಿಸುವುದು ತೌರಾತ್ ಮತ್ತು ಪವಿತ್ರ ಕುರ್‌ಆನ್. ಅವರು ಬಿಟ್ಟು ಹೊರಟ ಲೋಕ ಎಂಥದ್ದೆಂದು ತಿಳಿಸುವುದು ಇರಾಕಿನ ಮಣ್ಣು. ಎರಡನ್ನೂ ಜೊತೆಗಿಟ್ಟು ಓದೋಣ.

ಉರ್ ಎಂಬ ಮಹಾನಗರ

ಇಬ್ರಾಹೀಮರ ಊರನ್ನು ತೌರಾತ್ ಉರ್ ಎಂದು ಕರೆಯುತ್ತದೆ. ದಕ್ಷಿಣ ಇರಾಕಿನ ನಾಸಿರಿಯಾ ನಗರದ ಬಳಿಯ ದೊಡ್ಡ ದಿಬ್ಬವೇ ಆ ಊರು ಎಂಬುದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಬ್ರಿಟಿಷ್ ಸಂಶೋಧಕ ಲಿಯೊನಾರ್ಡ್ ವೂಲಿ 1922ರಿಂದ 1934ರವರೆಗೆ ಅಲ್ಲಿ ಉತ್ಖನನ ನಡೆಸಿದರು. ಮಣ್ಣಿನಡಿಯಿಂದ ಒಂದು ಶ್ರೀಮಂತ ನಗರವೇ ಎದ್ದು ಬಂತು. ಯೂಫ್ರೆಟಿಸ್ ಆಗ ಅದರ ಪಕ್ಕದಲ್ಲೇ ಹರಿಯುತ್ತಿತ್ತು. ಕಾಲುವೆಗಳಿಂದ ಹೊಲಕ್ಕೆ ನೀರು, ಹೊಲದಲ್ಲಿ ಬಾರ್ಲಿ, ತೋಟದಲ್ಲಿ ಖರ್ಜೂರ. ಲೆಕ್ಕ ಬರೆದಿಡಲು ಹಸಿ ಮಣ್ಣಿನ ಹಲಗೆಯ ಮೇಲೆ ಬೆಣೆಯಾಕಾರದ ಲಿಪಿ. ಗಂಟೆಗೆ 60 ನಿಮಿಷ ಎಂದು ನಾವು ಇಂದಿಗೂ ಎಣಿಸುವುದಕ್ಕೆ ಆ ನಾಡಿನವರ ಅರವತ್ತರ ಲೆಕ್ಕವೇ ಮೂಲ. ಸಿಂಧೂ ಕಣಿವೆಯ ಕೆಂಪು ಮಣಿಗಳೂ ಮುದ್ರೆಗಳೂ ಅಲ್ಲಿ ದೊರೆತಿವೆ. ನಗರದಲ್ಲಿ ಎಲ್ಲಕ್ಕಿಂತ ಎತ್ತರವಾಗಿ ನಿಂತದ್ದು ಕ್ರಿ.ಪೂ. 2100ರ ಸುಮಾರಿಗೆ ದೊರೆ ಉರ್-ನಮ್ಮು ಕಟ್ಟಿಸಲು ತೊಡಗಿದ ಇಟ್ಟಿಗೆಯ ಮೆಟ್ಟಿಲುಗೋಪುರ. ಅದು ಚಂದ್ರದೇವನಿಗೆ ಮೀಸಲಾಗಿತ್ತು.

ಈ ವೈಭವಕ್ಕೆ ಇನ್ನೊಂದು ಮುಖವೂ ಇತ್ತು. ಕ್ರಿ.ಪೂ. 2500ರ ಆಸುಪಾಸಿನ ಒಂದು ರಾಜಸಮಾಧಿಯ ಗುಂಡಿಯಲ್ಲಿ ವೂಲಿಯವರಿಗೆ 74 ಮಂದಿಯ ಅಸ್ಥಿಗಳು ಸಿಕ್ಕವು. ಅವರಲ್ಲಿ 68 ಮಂದಿ ಹೆಂಗಸರು. ಒಡೆಯರು ಸತ್ತರೆ ಸೇವಕರ ಪ್ರಾಣವೂ ಅವರ ಜೊತೆ ಹೋಗಬೇಕಿತ್ತು. ಲಿಪಿ ಬಲ್ಲ, ಗಣಿತ ಬಲ್ಲ ಸಮಾಜವೂ ಮನುಷ್ಯನ ಪ್ರಾಣದ ಬೆಲೆ ಅರಿಯದೆ ಹೋಗಬಹುದು ಎಂಬುದನ್ನು ಗಮನಿಸಿ.

ಪ್ರಶ್ನೆ ಕೇಳಿದ ಯುವಕ

ಸಂಪ್ರದಾಯದ ಲೆಕ್ಕದಂತೆ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಇಂಥ ನಾಡಿನಲ್ಲಿ ಇಬ್ರಾಹೀಮರು ಬೆಳೆದರು. ಅವರು ನಕ್ಷತ್ರವನ್ನು ನೋಡಿದರು, ಚಂದ್ರನನ್ನು ನೋಡಿದರು, ಸೂರ್ಯನನ್ನೂ ನೋಡಿದರು. ಹುಟ್ಟಿ ಮುಳುಗುವ ವಸ್ತು ಒಡೆಯನಾಗುವುದು ಹೇಗೆ ಎಂದು ವಿಚಾರಿಸಿದರು. ಇವೆಲ್ಲವನ್ನೂ ಸೃಷ್ಟಿಸಿದ ಒಬ್ಬನಿಗೇ ತಲೆಬಾಗುವೆನೆಂದು ಸಾರಿದರು. ಅದಕ್ಕಾಗಿ ಅವರನ್ನು ಬೆಂಕಿಗೆ ಎಸೆದದ್ದೂ, ಅಲ್ಲಾಹನ ಆಜ್ಞೆಯಂತೆ ಆ ಬೆಂಕಿ ತಣ್ಣಗಾದದ್ದೂ ನಿಮಗೆ ಗೊತ್ತೇ ಇದೆ.

ಆದರೆ ಅಷ್ಟಾಗಿ ಹೇಳದ ಇನ್ನೊಂದು ಪ್ರಸಂಗವಿದೆ. ತಂದೆಯ ಜೊತೆ ಮಾತನಾಡುವಾಗ ಇಬ್ರಾಹೀಮರು ಪ್ರತಿ ಸಲವೂ ಪ್ರೀತಿಯಿಂದ ಅಪ್ಪಾ ಎಂದೇ ಕರೆದರು. ತಂದೆ ಕೋಪಗೊಂಡು, ಕಲ್ಲೆಸೆದು ಕೊಲ್ಲುವೆ, ಕಣ್ಣೆದುರು ನಿಲ್ಲಬೇಡ ಎಂದು ಗದರಿದರು. ಮಗ ಸಲಾಂ ಹೇಳಿ, ನಿಮ್ಮ ಕ್ಷಮೆಗಾಗಿ ಪ್ರಾರ್ಥಿಸುವೆ ಎಂದು ಮಾತುಕೊಟ್ಟು ಹೊರಟರು. ಸತ್ಯವನ್ನೂ ಬಿಡಲಿಲ್ಲ, ಮರ್ಯಾದೆಯನ್ನೂ ಬಿಡಲಿಲ್ಲ. ಮನೆಯವರೊಡನೆ ಭಿನ್ನಾಭಿಪ್ರಾಯ ಬಂದಾಗ ನಮ್ಮ ಯುವಕರು ನೆನೆಯಬೇಕಾದ ಪಾಠವಿದು.

ನೀರಿಲ್ಲದ ದಾರಿ

ಇಂದಿನ ಟರ್ಕಿಯಲ್ಲಿರುವ ಹರ್ರಾನ್‌ನಲ್ಲಿ ಕೆಲಕಾಲ ತಂಗಿ, ಪತ್ನಿ ಸಾರಾ ಮತ್ತು ಸೋದರನ ಮಗ ಲೂತ್(ಅ)ರೊಂದಿಗೆ ಇಬ್ರಾಹೀಮರು ಕನಾನ್, ಅಂದರೆ ಇಂದಿನ ಫೆಲೆಸ್ತೀನ್ ಪ್ರದೇಶಕ್ಕೆ ಬಂದರು. ಅಲ್ಲಿ ಯೂಫ್ರೆಟಿಸ್‌ನಂಥ ನದಿಯಿಲ್ಲ. ಮಳೆ ಬಂದರೆ ಹುಲ್ಲು, ಬಾವಿ ತೋಡಿದರೆ ನೀರು. ಬರಗಾಲ ಬಂದಾಗ ನೈಲ್ ನದಿಯ ಈಜಿಪ್ಟಿಗೆ ಹೋಗಬೇಕಾಯಿತು. ಗೀಜಾದ ಮಹಾ ಪಿರಮಿಡ್ಡಿಗೆ ಆಗಲೇ ಐದಾರು ಶತಮಾನಗಳ ವಯಸ್ಸಾಗಿತ್ತು. ಹೀಗೆ ಹೊರನಾಡಿನಿಂದ ಬಂದವರ ಚಿತ್ರವೊಂದು ಈಜಿಪ್ಟಿನ ಬೆನಿ ಹಸನ್‌ನ ಸಮಾಧಿಯ ಗೋಡೆಯ ಮೇಲಿದೆ. ಕ್ರಿ.ಪೂ. 1890ರ ಸುಮಾರಿನ ಆ ಚಿತ್ರದಲ್ಲಿ ಬಣ್ಣದ ಪಟ್ಟೆಗಳ ಉಡುಪು ತೊಟ್ಟ ಪೂರ್ವನಾಡಿನ ಗಂಡಸರು, ಹೆಂಗಸರು, ಕತ್ತೆಯ ಮೇಲೆ ಕುಳಿತ ಮಕ್ಕಳು ಇದ್ದಾರೆ. ಇಬ್ರಾಹೀಮರ ಪಯಣವನ್ನು ಕಲ್ಪಿಸಿಕೊಳ್ಳಲು ಅದನ್ನೊಮ್ಮೆ ನೋಡಿರಿ.

ತಿರುಗಿ ಬಂದ ಮೇಲೆ ಅವರ ಮತ್ತು ಲೂತರ ಕುರಿಗಾಹಿಗಳ ನಡುವೆ ಹುಲ್ಲುಗಾವಲಿಗಾಗಿ ಜಗಳವಾಯಿತೆಂದು ತೌರಾತ್ ಹೇಳುತ್ತದೆ. ಹಿರಿಯರಾದ ಇಬ್ರಾಹೀಮರು ಕಿರಿಯನಿಗೇ ಮೊದಲ ಆಯ್ಕೆ ಕೊಟ್ಟರು. ಲೂತರು ನೀರು ತುಂಬಿದ ಜೋರ್ಡನ್ ಬಯಲನ್ನು ಆರಿಸಿಕೊಂಡರು. ಇಬ್ರಾಹೀಮರ ಪಾಲಿಗೆ ಒಣ ಗುಡ್ಡಗಳು ಉಳಿದವು. ಅಂಗೈಯಗಲ ಜಾಗಕ್ಕಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುವ ನಮ್ಮ ಕಾಲಕ್ಕೆ ಇದಕ್ಕಿಂತ ದೊಡ್ಡ ಉಪದೇಶ ಬೇಕೇ?

ಮುಂದೆ ಬೆಳೆಯೇ ಇಲ್ಲದ ಮಕ್ಕಾದ ಕಣಿವೆಯಲ್ಲಿ ಹಾಜಿರಾ ಮತ್ತು ಕೂಸು ಇಸ್ಮಾಯೀಲ್(ಅ)ರನ್ನು ನೆಲೆಗೊಳಿಸಿದರು. ತಾಯಿ ನೀರಿಗಾಗಿ ಸಫಾ ಮರ್ವಾ ನಡುವೆ ಓಡಿದರು, ಝಮ್‌ಝಮ್ ಚಿಮ್ಮಿತು. ಬಳಿಕ ತಂದೆಮಗ ಸೇರಿ ಕಅಬಾ ಕಟ್ಟಿದರು. ಮಗನನ್ನು ಅರ್ಪಿಸುವ ಪರೀಕ್ಷೆಯೂ ಬಂತು. ಆ ಮಗ ಇಸ್ಹಾಕ್ ಎಂದು ತೌರಾತ್ ಹೇಳಿದರೆ, ಇಸ್ಮಾಯೀಲ್ ಎಂದು ಮುಸ್ಲಿಮರು ನಂಬುತ್ತಾರೆ. ಕೊನೆಯ ಗಳಿಗೆಯಲ್ಲಿ ಮಗು ಉಳಿಯಿತು, ಟಗರು ಬಂತು ಎಂಬಲ್ಲಿ ಎರಡೂ ಒಂದೇ. ಉರ್‌ನ ಸಮಾಧಿಗುಂಡಿಯನ್ನು ನೆನೆದು ಈ ಘಟನೆಯನ್ನು ಮತ್ತೊಮ್ಮೆ ಓದಿ. ಮನುಷ್ಯರ ಪ್ರಾಣ ದೇವರಿಗೆ ಬೇಡ ಎಂಬ ಮಾತು ಆ ಪ್ರಾಚೀನ ಲೋಕದಲ್ಲಿ ಎಷ್ಟು ದೊಡ್ಡದು!

ಒಂದು ಸಮಾಧಿ, ಇಬ್ಬರು ಮಕ್ಕಳು

ಸಾರಾ ತೀರಿಕೊಂಡಾಗ ಅವರನ್ನು ಮಣ್ಣು ಮಾಡಲು ಇಬ್ರಾಹೀಮರ ಬಳಿ ಸ್ವಂತ ಜಾಗವಿರಲಿಲ್ಲ. ಹೆಬ್ರಾನಿನವರು ಪುಕ್ಕಟೆ ಕೊಡಲು ಮುಂದೆ ಬಂದರು. ಅವರು ಒಪ್ಪದೆ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಗುಹೆಯನ್ನೂ ಹೊಲವನ್ನೂ ಕೊಂಡರೆಂದು ತೌರಾತ್ ತಿಳಿಸುತ್ತದೆ. ಮುಂದೆ ಇಸ್ಹಾಕ್ ಮತ್ತು ಇಸ್ಮಾಯೀಲ್ ಇಬ್ಬರೂ ಸೇರಿ ತಂದೆಯನ್ನು ಅಲ್ಲಿಯೇ ಸಮಾಧಿ ಮಾಡಿದರು. ಅರಬ್ಬಿಯಲ್ಲಿ ಹೆಬ್ರಾನಿಗೆ ಅಲ್ ಖಲೀಲ್ ಎಂದೇ ಹೆಸರು. ಖಲೀಲ್ ಎಂದರೆ ಆಪ್ತಮಿತ್ರ. ಇಬ್ರಾಹೀಮರು ಅಲ್ಲಾಹನ ಮಿತ್ರರು.

ಇಸ್ಹಾಕರ ಮಗ ಯಾಕೂಬ್(ಅ)ರಿಗೆ ಇಸ್ರಾಯೀಲ್ ಎಂಬ ಹೆಸರಿತ್ತು. ಅವರ ಹನ್ನೆರಡು ಮಕ್ಕಳಲ್ಲಿ ಯಹೂದಾ ಒಬ್ಬರು. ಯಹೂದಿ ಎಂಬ ಹೆಸರು ಬಂದದ್ದು ಅಲ್ಲಿಂದ. ಇಸ್ರಾಯೀಲ್ ಎಂಬ ಜನಾಂಗದ ಅತ್ಯಂತ ಹಳೆಯ ಖಚಿತ ಉಲ್ಲೇಖ ಇರುವುದು ಕ್ರಿ.ಪೂ. 1208ರ ಸುಮಾರಿನ ಈಜಿಪ್ಟಿನ ದೊರೆ ಮೆರ್ನೆಪ್ತಾನ ಶಿಲಾಶಾಸನದಲ್ಲಿ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ದೊರೆ ನೆಬುಕದ್ನೆಜರ್ ಜೆರುಸಲೇಮನ್ನು ಕೆಡವಿ ಯಹೂದಿಯರನ್ನು ಸೆರೆಯೊಯ್ದ. ಹಿರಿಯರು ಬಿಟ್ಟುಬಂದ ಯೂಫ್ರೆಟಿಸ್ ದಡಕ್ಕೇ ಮೊಮ್ಮಕ್ಕಳು ಕೈದಿಗಳಾಗಿ ಮರಳಿದರು. ಗುಡಿಯಿಲ್ಲ, ರಾಜ್ಯವಿಲ್ಲ. ಉಳಿದದ್ದು ಇಬ್ರಾಹೀಮರ ಏಕದೇವ ನಂಬಿಕೆ ಮತ್ತು ಗ್ರಂಥ. ಅವೆರಡನ್ನು ಹಿಡಿದೇ ಅವರು ಒಂದು ಸಮುದಾಯವಾಗಿ ಉಳಿದರು. ಕ್ರಿ.ಪೂ. 539ರಲ್ಲಿ ಪರ್ಷಿಯಾದ ಸೈರಸ್ ಬಾಬಿಲೋನನ್ನು ಗೆದ್ದ ನಂತರ ಅವರಿಗೆ ಮರಳುವ ದಾರಿ ತೆರೆಯಿತು.

ಓದುಗ ಬಂಧುಗಳೇ, ಯೂಫ್ರೆಟಿಸ್ ಇಂದು ಉರ್‌ನಿಂದ ದೂರ ಸರಿದಿದೆ. ಗೋಪುರದ ಸುತ್ತ ಮರಳುಗಾಡು. ನದಿ ಕೊಟ್ಟದ್ದನ್ನು ನದಿಯೇ ಹಿಂದಕ್ಕೆ ಪಡೆಯಿತು. ಅಲ್ಲಿಂದ ಬರಿಗೈಯಲ್ಲಿ ಹೊರಟವರ ಹೆಸರನ್ನು ಮಾತ್ರ ನಾವು ಪ್ರತಿ ನಮಾಝಿನ ದುರೂದ್‌ನಲ್ಲಿ ಹೇಳುತ್ತೇವೆ. ಯಹೂದಿಯರೂ ತಮ್ಮ ನಿತ್ಯದ ಪ್ರಾರ್ಥನೆಯಲ್ಲಿ ಹೇಳುತ್ತಾರೆ. ಹೆಬ್ರಾನಿನ ಆ ಸಮಾಧಿಭವನವನ್ನು ಮಾತ್ರ ಇಂದು ಎರಡು ಪಾಲು ಮಾಡಿ, ನಡುವೆ ಸೈನಿಕರ ಕಾವಲು ಇಡಲಾಗಿದೆ. ಅನ್ಯಾಯವನ್ನು ಅನ್ಯಾಯವೆಂದೇ ಹೇಳೋಣ. ಆದರೆ ಒಂದು ಸರಕಾರದ ಮೇಲಿನ ಕೋಪವನ್ನು ಒಂದು ಇಡೀ ಜನಾಂಗದ ಮೇಲೆ ತಿರುಗಿಸುವ ಮೊದಲು, ತಂದೆಯ ಸಮಾಧಿಯ ಮುಂದೆ ಜೊತೆಯಾಗಿ ನಿಂತಿದ್ದ ಆ ಇಬ್ಬರು ಮಕ್ಕಳನ್ನು ಒಮ್ಮೆ ನೆನೆಯೋಣ.