ಬೇಲಿಯೊಳಗಿನ ನಗು: ಜಾರ್ಜ್ ಟಿಲ್ಯೂ ಬದುಕು ಮತ್ತು ಉದ್ಯಮ

ಜಾತ್ರೆಯನ್ನು ಕುರಿತ ನಮ್ಮ ಅಧ್ಯಯನಗಳು ತೇರು, ಹರಕೆ, ಆಚರಣೆಗಳಿಗೆ ಕೊಟ್ಟಷ್ಟು ಮಹತ್ವವನ್ನು ಅದೇ ಬಯಲಿನ ಅಂಚಿನಲ್ಲಿ ತಿರುಗುವ ಜೈಂಟ್ ವೀಲಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ವಿನೋದವು ಆಚರಣೆಯ ನಂಟನ್ನು ಕಳಚಿಕೊಂಡು ಸ್ವತಂತ್ರ ಉದ್ಯಮವಾಗಿ ಬೆಳೆದದ್ದು ಹೇಗೆ, ಹಾಗೆ ಬೆಳೆಯುವಾಗ ಜನರ ನಗುವಿನ ಸ್ವರೂಪದಲ್ಲಿ ಏನು ಬದಲಾಯಿತು ಎಂಬ ಪ್ರಶ್ನೆಗಳು ಗಂಭೀರ ಪರಿಶೀಲನೆಗೆ ಅರ್ಹವಾಗಿವೆ. ಈ ದೃಷ್ಟಿಯಿಂದ ಅಮೆರಿಕದ ನ್ಯೂಯಾರ್ಕ್ ಸಮೀಪದ ಕೋನಿ ಐಲೆಂಡ್ ಕಡಲತೀರದಲ್ಲಿ ಇಡೀ ಬದುಕನ್ನು ಕಳೆದ ಜಾರ್ಜ್ ಸಿ. ಟಿಲ್ಯೂ ಎಂಬಾತನ ಜೀವನವು ಗಮನಾರ್ಹವಾದುದು. ಆತನ ಬದುಕಿನ ಮುಖ್ಯ ಘಟ್ಟಗಳನ್ನು ನಿರೂಪಿಸುತ್ತ, ಆತ ಕಟ್ಟಿದ ಉದ್ಯಾನದಲ್ಲಿ ಯಾರು ಯಾರನ್ನು ನೋಡಿ ನಗುತ್ತಿದ್ದರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಟಿಲ್ಯೂ ಹುಟ್ಟಿದ್ದು 1862ರಲ್ಲಿ, ನ್ಯೂಯಾರ್ಕ್ ನಗರದಲ್ಲಿ. ಆತ ಮೂರು ವರ್ಷದ ಮಗುವಾಗಿದ್ದಾಗ ತಂದೆ ಪೀಟರ್ ಟಿಲ್ಯೂ ಕೋನಿ ಐಲೆಂಡಿನಲ್ಲಿ ಜಾಗವನ್ನು ಗುತ್ತಿಗೆಗೆ ಪಡೆದು, ಕಡಲಸ್ನಾನಕ್ಕೆ ಬರುವವರಿಗಾಗಿ ಸರ್ಫ್ ಹೌಸ್ ಎಂಬ ಉಪಾಹಾರ ಗೃಹವನ್ನು ತೆರೆದನು. ಹೀಗಾಗಿ ವಿಹಾರಕ್ಕೆ ಬರುವ ಜನರನ್ನು ನೋಡುತ್ತಲೇ ಹುಡುಗ ಬೆಳೆದನು. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸ್ವಾತಂತ್ರ್ಯದ ಶತಮಾನೋತ್ಸವ ಪ್ರದರ್ಶನ ನಡೆಯಿತು. ಅದನ್ನು ನೋಡಲೆಂದು ಒಳನಾಡಿನಿಂದ ಬಂದವರಲ್ಲಿ ಅನೇಕರು ಕಡಲನ್ನು ಕಾಣುವ ಆಸೆಯಿಂದ ಕೋನಿ ಐಲೆಂಡಿಗೂ ಬಂದರು. ಹದಿನಾಲ್ಕು ವರ್ಷದ ಟಿಲ್ಯೂ ಸೀಸೆಗಳಲ್ಲಿ ಸಮುದ್ರದ ನೀರನ್ನೂ ಸಿಗಾರಿನ ಪೆಟ್ಟಿಗೆಗಳಲ್ಲಿ ಮರಳನ್ನೂ ತುಂಬಿ ತಲಾ 25 ಸೆಂಟಿಗೆ ಮಾರಿದನು. ಕಣ್ಣೆದುರಿಗೇ ಯಥೇಚ್ಛವಾಗಿ ಬಿದ್ದಿರುವ ವಸ್ತುವೂ ಅದರ ಸುತ್ತ ಒಂದು ಆವರಣವನ್ನು ನಿರ್ಮಿಸಿದಾಗ ಬೆಲೆ ಪಡೆಯುತ್ತದೆ ಎಂಬ ತಿಳುವಳಿಕೆ ಆತನಿಗೆ ಅಷ್ಟು ಎಳೆಯ ವಯಸ್ಸಿನಲ್ಲೇ ದೊರೆತಿತ್ತು. ಮುಂದಿನ ಆತನ ಉದ್ಯಮವೆಲ್ಲ ಈ ತಿಳುವಳಿಕೆಯ ವಿಸ್ತರಣೆಯೆಂದೇ ಹೇಳಬಹುದು.

ಯೌವನದಲ್ಲಿ ನಿವೇಶನಗಳ ವ್ಯವಹಾರಕ್ಕೆ ಇಳಿದ ಟಿಲ್ಯೂ, 1882ರಲ್ಲಿ ತಂದೆಯೊಡನೆ ಸೇರಿ ಸರ್ಫ್ ಥಿಯೇಟರ್ ಎಂಬ ರಂಗಮಂದಿರವನ್ನು ಕಟ್ಟಿದನು. ಅಲ್ಲಿಗೆ ಬರುವವರ ಅನುಕೂಲಕ್ಕೆಂದು ಹಲಗೆ ಹಾಸಿ ಮಾಡಿದ ಓಣಿಯು ಕ್ರಮೇಣ ಬೌರಿ ಎಂಬ ಹೆಸರಿನಿಂದ ಪ್ರಸಿದ್ಧವಾಗಿ, ಕೋನಿ ಐಲೆಂಡಿನ ಮನರಂಜನೆಯ ಮುಖ್ಯ ಬೀದಿಯಾಯಿತು. ಆದರೆ ಆ ಬೀದಿಯ ಸುತ್ತ ಜೂಜಿನ ಅಡ್ಡೆಗಳೂ ವೇಶ್ಯಾಗೃಹಗಳೂ ಬೆಳೆದವು. ಕೋನಿ ಐಲೆಂಡನ್ನು ಒಳಗೊಂಡಿದ್ದ ಗ್ರೇವ್ಸೆಂಡ್ ಪಟ್ಟಣದ ಆಡಳಿತವು ಆಗ ಜಾನ್ ಮೆಕೇನ್ ಎಂಬ ರಾಜಕಾರಣಿಯ ಮುಷ್ಟಿಯಲ್ಲಿತ್ತು. ಪೊಲೀಸ್ ಅಧಿಕಾರ, ಪರವಾನಗಿ, ಸಾರ್ವಜನಿಕ ಭೂಮಿಯ ಗುತ್ತಿಗೆ ಎಲ್ಲವೂ ಆತನ ಕೈಯಲ್ಲಿದ್ದವು.

1887ರಲ್ಲಿ ರಾಜ್ಯ ಶಾಸನಸಭೆಯ ಸಮಿತಿಯೊಂದು ಮೆಕೇನನ ಆಡಳಿತವನ್ನು ಕುರಿತು ವಿಚಾರಣೆಗೆ ತೊಡಗಿತು. ಸಮಿತಿಯ ಮುಂದೆ ನಿಂತು ಅಕ್ರಮಗಳನ್ನು ಬಹಿರಂಗವಾಗಿ ಹೇಳಲು ಸ್ಥಳೀಯ ವ್ಯಾಪಾರಿಗಳು ಹಿಂಜರಿಯುತ್ತಿದ್ದ ಸಂದರ್ಭದಲ್ಲಿ ಟಿಲ್ಯೂ ಸಾಕ್ಷ್ಯ ನುಡಿದನು. ಆತನಿಗೆ ಆಗ ಇಪ್ಪತ್ತೈದು ವರ್ಷ. ವಿಚಾರಣೆಯಿಂದ ಮೆಕೇನನ ಅಧಿಕಾರಕ್ಕೆ ಕುಂದೇನೂ ಬರಲಿಲ್ಲ. ಸೇಡು ಮಾತ್ರ ಟಿಲ್ಯೂ ಕುಟುಂಬದ ಮೇಲೆ ತಿರುಗಿತು. ತಂದೆ ಬಹುಕಾಲದಿಂದ ಕಟ್ಟಿದ್ದ ವ್ಯಾಪಾರ ಕೈತಪ್ಪಿತು. ಮುಂದೆ 1893ರ ಚುನಾವಣೆಯ ಅಕ್ರಮಗಳಿಗಾಗಿ ಮೆಕೇನನಿಗೆ 1894ರಲ್ಲಿ ಶಿಕ್ಷೆಯಾಗಿ, ಆತ ಸಿಂಗ್ ಸಿಂಗ್ ಸೆರೆಮನೆಗೆ ಹೋದ ಮೇಲೆಯೇ ಟಿಲ್ಯೂ ಮತ್ತೆ ತಲೆಯೆತ್ತಲು ಸಾಧ್ಯವಾಯಿತು. ಈ ಘಟನೆಯನ್ನು ಕೇವಲ ಆತನ ಧೈರ್ಯದ ನಿದರ್ಶನವಾಗಿ ನೋಡಿದರೆ ಸಾಲದು. ತೆರೆದ ಬೀದಿಯಲ್ಲಿ ವ್ಯಾಪಾರ ಮಾಡುವವನು ಆ ಬೀದಿಯನ್ನು ಆಳುವವನ ಕೃಪೆಯಲ್ಲಿ ಬದುಕಬೇಕಾಗುತ್ತದೆ ಎಂಬ ಕಹಿ ಅನುಭವ ಆತನಿಗಾಗಿತ್ತು. ಮುಂದೆ ತನ್ನದೇ ಬೇಲಿ, ತನ್ನದೇ ಬಾಗಿಲುಳ್ಳ ಆವರಣವನ್ನು ಆತ ಕಟ್ಟಿದ್ದನ್ನು ಈ ಅನುಭವದ ಹಿನ್ನೆಲೆಯಲ್ಲಿಟ್ಟು ನೋಡಬೇಕಾಗುತ್ತದೆ.

ಆ ಆವರಣಕ್ಕೆ ಮಾದರಿ ದೊರೆತದ್ದು ಷಿಕಾಗೋದಲ್ಲಿ. 1893ರಲ್ಲಿ ವಿವಾಹವಾದ ಟಿಲ್ಯೂ ಪತ್ನಿಯೊಡನೆ ಅಲ್ಲಿನ ವಿಶ್ವಪ್ರದರ್ಶನಕ್ಕೆ ಹೋದನು. ಜಾರ್ಜ್ ಫೆರಿಸ್ ಎಂಬ ಎಂಜಿನಿಯರ್ ನಿರ್ಮಿಸಿದ್ದ, 250 ಅಡಿ ವ್ಯಾಸದ, 36 ಪೆಟ್ಟಿಗೆಗಳಲ್ಲಿ ಒಮ್ಮೆಗೆ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹೊತ್ತು ತಿರುಗುವ ಉಕ್ಕಿನ ಚಕ್ರ ಅಲ್ಲಿತ್ತು. ಇಂದು ನಮ್ಮ ಜಾತ್ರೆಗಳಲ್ಲಿ ಕಾಣುವ ಜೈಂಟ್ ವೀಲಿನ ಪೂರ್ವಜರಲ್ಲಿ ಅದು ಅತ್ಯಂತ ಪ್ರಸಿದ್ಧವಾದುದು. ಅದನ್ನೇ ಕೊಂಡು ತರಬೇಕೆಂಬ ಟಿಲ್ಯೂ ಆಸೆ ಕೈಗೂಡಲಿಲ್ಲ. ಆತ 125 ಅಡಿಯ ಇನ್ನೊಂದು ಚಕ್ರಕ್ಕೆ ಬೇಡಿಕೆ ಸಲ್ಲಿಸಿ, ಕೋನಿ ಐಲೆಂಡಿಗೆ ಮರಳಿ, ಜಗತ್ತಿನ ಅತಿ ದೊಡ್ಡ ಚಕ್ರ ಇಲ್ಲಿ ಏಳಲಿದೆಯೆಂದು ಫಲಕ ಹಾಕಿಸಿದನು. ಅದು ಸುಳ್ಳಾಗಿತ್ತು. ಆದರೆ ಆ ಫಲಕದ ಬಲದಿಂದಲೇ ಚಕ್ರದ ಸುತ್ತಲಿನ ಜಾಗಗಳನ್ನು ಇತರ ವ್ಯಾಪಾರಿಗಳಿಗೆ ಬಾಡಿಗೆಗೆ ಕೊಟ್ಟು, ಬಂದ ಹಣದಿಂದ ಚಕ್ರದ ಬೆಲೆಯನ್ನು ತೀರಿಸಲು ದಾರಿ ಮಾಡಿಕೊಂಡನು. ಅಧಿಕಾರಸ್ಥನ ಎದುರು ಸತ್ಯ ನುಡಿದು ನಷ್ಟ ಅನುಭವಿಸಿದ ವ್ಯಕ್ತಿಯೇ ವ್ಯಾಪಾರದಲ್ಲಿ ಉತ್ಪ್ರೇಕ್ಷೆಯನ್ನು ನಿಸ್ಸಂಕೋಚವಾಗಿ ಬಳಸಿದನೆಂಬುದು ಈ ವ್ಯಕ್ತಿತ್ವದ ಸಂಕೀರ್ಣತೆಯನ್ನು ಸೂಚಿಸುತ್ತದೆ.

1895ರಲ್ಲಿ ಪಾಲ್ ಬಾಯ್ಟನ್ ಎಂಬಾತ ಕೋನಿ ಐಲೆಂಡಿನಲ್ಲಿ ಸೀ ಲಯನ್ ಪಾರ್ಕ್ ತೆರೆದು, ಬೇಲಿ ಹಾಕಿ, ಪ್ರವೇಶ ಶುಲ್ಕ ವಿಧಿಸುವ ಪದ್ಧತಿಯನ್ನು ಆರಂಭಿಸಿದ್ದನು. ಟಿಲ್ಯೂ ಅದನ್ನು ಅನುಸರಿಸಿ 1897ರಲ್ಲಿ ಸ್ಟೀಪಲ್‌ಚೇಸ್ ಪಾರ್ಕನ್ನು ತೆರೆದನು. ಮೋಸ, ಕುಡಿತ, ಜೂಜುಗಳನ್ನು ಬೇಲಿಯ ಹೊರಗಿಟ್ಟು, ಸಂಸಾರಸ್ಥರು ನಿರ್ಭಯವಾಗಿ ಬರಬಹುದಾದ ತಾಣವನ್ನು ಒದಗಿಸುವುದು ಆತನ ಉದ್ದೇಶವಾಗಿತ್ತು. ಉದ್ಯಾನಕ್ಕೆ ಹೆಸರು ತಂದದ್ದು ಯಾಂತ್ರಿಕ ಕುದುರೆ ಪಂದ್ಯ. ಏರಿಳಿತಗಳುಳ್ಳ ಕಬ್ಬಿಣದ ಹಳಿಗಳ ಮೇಲೆ ಮರದ ಕುದುರೆಗಳು ಗುರುತ್ವದ ಬಲದಿಂದ ಓಡುತ್ತಿದ್ದವು. ಹೆಚ್ಚು ಭಾರ ಹೊತ್ತ ಕುದುರೆಗೆ ಗೆಲ್ಲುವ ಅವಕಾಶ ಹೆಚ್ಚು. ಒಂದೇ ಕುದುರೆಯ ಮೇಲೆ ಯುವಕ ಯುವತಿಯರು ಒಬ್ಬರನ್ನೊಬ್ಬರು ಅಪ್ಪಿ ಹಿಡಿದು ಕೂರಬಹುದಾಗಿತ್ತು. ಹೆಣ್ಣು ಗಂಡಿನ ಸಾಮೀಪ್ಯವನ್ನು ಬಹಿರಂಗದಲ್ಲಿ ಒಪ್ಪದ ಕಾಲದಲ್ಲಿ ಯಂತ್ರವೇ ಅದಕ್ಕೊಂದು ನೆಪವನ್ನು ಒದಗಿಸಿತು.

ಟಿಲ್ಯೂ ಕಂಡುಕೊಂಡ ಮುಖ್ಯ ಸೂತ್ರವೆಂದರೆ, ಬಂದವರನ್ನು ನೋಡುಗರಾಗಿ ಉಳಿಸದೆ ಅವರನ್ನೇ ನೋಟವಾಗಿ ಮಾರ್ಪಡಿಸುವುದು. ಉರುಳುವ ಪೀಪಾಯಿಯೊಳಗೆ ನಡೆಯಲಾರದೆ ಅಪರಿಚಿತರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ತಿರುಗುವ ದೊಡ್ಡ ತಟ್ಟೆಯ ಮೇಲೆ ಕುಳಿತವರು ವೇಗ ಹೆಚ್ಚಿದಂತೆ ಅಂಚಿಗೆ ಎಸೆಯಲ್ಪಡುತ್ತಿದ್ದರು. ನಾಟಕ ಕಂಪನಿಗೆ ನಟರು, ಉಡುಪು, ಸಂಬಳ ಬೇಕು. ಇಲ್ಲಿ ಹಣ ಕೊಟ್ಟು ಬಂದವರೇ ನಟರು. ದಿನವಿಡೀ ಯಂತ್ರದ ಮುಂದೆ ದುಡಿದು ಬಂದ ಶ್ರಮಿಕರನ್ನು ಇನ್ನೊಂದು ಯಂತ್ರವು ಕೆಡವಿ ನಗಿಸುತ್ತಿತ್ತೆಂಬುದು ಇಲ್ಲಿನ ವಿಪರ್ಯಾಸ.

ಈ ಸೂತ್ರದ ಇನ್ನೊಂದು ಮುಖವು ಬ್ಲೋಹೋಲ್ ಥಿಯೇಟರಿನಲ್ಲಿ ಕಾಣುತ್ತದೆ. ಕುದುರೆ ಸವಾರಿ ಮುಗಿಸಿದವರು ಹೊರಹೋಗುವ ದಾರಿಯು ಬೆಳಕು ತುಂಬಿದ ಒಂದು ವೇದಿಕೆಯ ಮೂಲಕ ಹಾಯುತ್ತಿತ್ತು. ಅಲ್ಲಿ ನೆಲದ ರಂಧ್ರಗಳಿಂದ ಒಮ್ಮೆಲೇ ಗಾಳಿ ನುಗ್ಗಿ ಹೆಂಗಸರ ಲಂಗಗಳನ್ನು ಮೇಲೆ ಹಾರಿಸುತ್ತಿತ್ತು. ಕುಳ್ಳ ದೇಹದ ವಿದೂಷಕನೊಬ್ಬ ಗಂಡಸರಿಗೆ ವಿದ್ಯುತ್ ಕೋಲಿನಿಂದ ಚುಚ್ಚುತ್ತಿದ್ದನು. ಎದುರಿನ ಆಸನಗಳಲ್ಲಿ ಕುಳಿತು ನಗುತ್ತಿದ್ದವರು ಸ್ವಲ್ಪ ಹೊತ್ತಿಗೆ ಮುಂಚೆ ಅದೇ ಅವಮಾನಕ್ಕೆ ಈಡಾದವರು. ತಾವು ನಗೆಪಾಟಲಾದುದರ ಪರಿಹಾರವನ್ನು ಮುಂದಿನವರನ್ನು ನೋಡಿ ನಗುವುದರಲ್ಲಿ ಅವರು ಪಡೆಯುತ್ತಿದ್ದರು. ಇದನ್ನು ಎಲ್ಲರನ್ನೂ ಸಮಾನಗೊಳಿಸುವ ನಗುವೆಂದು ಸಮರ್ಥಿಸಲು ಸಾಧ್ಯ. ಆದರೆ ಗಂಡಸಿಗಾದ ಪೆಟ್ಟು ಕ್ಷಣಿಕವಾದ ಬೆಚ್ಚುವಿಕೆ. ಹೆಣ್ಣಿಗಾದದ್ದು ದೇಹದ ಬಹಿರಂಗ ಪ್ರದರ್ಶನ. ಇನ್ನು ಆ ವಿದೂಷಕನಿಗೆ ನೋಡುಗರ ಆಸನಕ್ಕೆ ದಾಟಿ ಕೂರುವ ಅವಕಾಶವೇ ಇರಲಿಲ್ಲ. ಆತನ ದೇಹವೇ ಆತನ ಕೆಲಸವಾಗಿತ್ತು. ಬೀದಿಯ ಅನಾಚಾರವನ್ನು ಹೊರಗಿಟ್ಟ ಬೇಲಿಯು ಅದರ ಸೌಮ್ಯ ರೂಪವೊಂದನ್ನು ಒಳಗೆ ಶಿಷ್ಟವೆಂದು ಮಾನ್ಯ ಮಾಡಿತು.

ಉದ್ಯಮದ ಏಳುಬೀಳುಗಳೂ ಆತನಿಗೆ ತಪ್ಪಲಿಲ್ಲ. 1901ರ ಬಫಲೋ ಪ್ರದರ್ಶನದಲ್ಲಿ ಹೆಸರು ಮಾಡಿದ್ದ ಚಂದ್ರಯಾನದ ಕೃತಕ ಪ್ರಯಾಣವನ್ನು 1902ರಲ್ಲಿ ಆತ ತನ್ನ ಉದ್ಯಾನಕ್ಕೆ ತರಿಸಿದನು. ಆ ಋತುವಿನಲ್ಲಿ ಮಳೆ ಹೆಚ್ಚಾಗಿ ಗಳಿಕೆ ಕುಸಿಯಿತು. ಮುಂದಿನ ವರ್ಷದ ಪಾಲುದಾರಿಕೆಯ ಷರತ್ತುಗಳನ್ನು ಆತ ಬಿಗಿಗೊಳಿಸಿದಾಗ, ಅದರ ಒಡೆಯರಾದ ಫ್ರೆಡರಿಕ್ ಥಾಂಪ್ಸನ್ ಮತ್ತು ಎಲ್ಮರ್ ಡಂಡಿ ಹೊರನಡೆದು, ಬಾಯ್ಟನ್‌ನ ಉದ್ಯಾನವಿದ್ದ ಜಾಗದಲ್ಲಿ 1903ರಲ್ಲಿ ಲೂನಾ ಪಾರ್ಕ್ ತೆರೆದರು. 1904ರಲ್ಲಿ ಡ್ರೀಮ್‌ಲ್ಯಾಂಡ್ ಎಂಬ ಮೂರನೆಯ ಉದ್ಯಾನ ಬಂದಿತು. ವಿದ್ಯುದ್ದೀಪಗಳ ವೈಭವದಲ್ಲಿ ಟಿಲ್ಯೂ ಇವೆರಡರ ಸಮಕ್ಕೂ ನಿಲ್ಲಲಾರದಾದರೂ ಜನರು ಆತನನ್ನು ಕೈಬಿಡಲಿಲ್ಲ.

1907ರ ಜುಲೈ 28ರಂದು ಬೆಂಕಿ ಬಿದ್ದು ಸ್ಟೀಪಲ್‌ಚೇಸ್ ಬಹುಪಾಲು ಭಸ್ಮವಾಯಿತು. ಟಿಲ್ಯೂ ಮರುದಿನವೇ ಫಲಕವೊಂದನ್ನು ಬರೆಸಿ, ನಿನ್ನೆ ಇಲ್ಲದ ಕಷ್ಟಗಳು ತನಗೆ ಇಂದು ಬಂದಿವೆಯೆಂದು ಒಪ್ಪಿಕೊಂಡು, ಇನ್ನೂ ದೊಡ್ಡ ಉದ್ಯಾನವನ್ನು ಕಟ್ಟುವುದಾಗಿ ಸಾರಿದನು. ಹೊಗೆಯಾಡುತ್ತಿದ್ದ ಅವಶೇಷಗಳನ್ನು ನೋಡಲು 10 ಸೆಂಟ್ ಶುಲ್ಕ ನಿಗದಿಪಡಿಸಿದನು. ಇತರರು ಬೀಳುವುದನ್ನು ತೋರಿಸಿ ಹಣ ಗಳಿಸಿದವನು ತನ್ನ ಪತನವನ್ನೂ ಅದೇ ನಿಯಮಕ್ಕೆ ಒಳಪಡಿಸಿದನೆಂಬುದನ್ನು ಇಲ್ಲಿ ಗಮನಿಸಬೇಕು. ಆತನ ನಗುವಿಗೆ ಆತನೂ ಹೊರತಾಗಿರಲಿಲ್ಲ. ಮರುವರ್ಷ ಉಕ್ಕು ಮತ್ತು ಗಾಜಿನ ಬೃಹತ್ ಸೂರಿನಡಿ ಪೆವಿಲಿಯನ್ ಆಫ್ ಫನ್ ಎದ್ದು ನಿಂತಿತು. ಮಳೆ ಬಂದರೂ ನಿಲ್ಲದ ವ್ಯಾಪಾರವನ್ನು ಅದು ಸಾಧ್ಯವಾಗಿಸಿತು. 1911ರಲ್ಲಿ ಬೆಂಕಿಗೆ ಆಹುತಿಯಾದ ಡ್ರೀಮ್‌ಲ್ಯಾಂಡ್ ಮತ್ತೆ ಏಳಲೇ ಇಲ್ಲ.

ಟಿಲ್ಯೂ 1914ರ ನವೆಂಬರ್ 30ರಂದು, ಐವತ್ತೆರಡರ ವಯಸ್ಸಿನಲ್ಲಿ ತೀರಿಕೊಂಡನು. ಮಕ್ಕಳು ಉದ್ಯಾನವನ್ನು ಮುಂದುವರಿಸಿದರು. 1939ರ ನ್ಯೂಯಾರ್ಕ್ ವಿಶ್ವಪ್ರದರ್ಶನಕ್ಕೆಂದು ನಿರ್ಮಿಸಿದ್ದ ಪ್ಯಾರಾಚೂಟ್ ಜಂಪ್ ಗೋಪುರವನ್ನು 1941ರಲ್ಲಿ ಇಲ್ಲಿಗೆ ತರಲಾಯಿತು. 1964ರಲ್ಲಿ ಉದ್ಯಾನ ಮುಚ್ಚಿತು. ಜಾಗವನ್ನು ಕೊಂಡ ಫ್ರೆಡ್ ಟ್ರಂಪ್ 1966ರಲ್ಲಿ ಪೆವಿಲಿಯನ್ನನ್ನು ಕೆಡವಿಸುವಾಗ ಅದನ್ನೊಂದು ಸಮಾರಂಭವಾಗಿಸಿ, ಗಾಜಿನ ಮೇಲೆ ಚಿತ್ರಿತವಾಗಿದ್ದ, ಹಲ್ಲು ಕಿರಿಯುವ ಲಾಂಛನದ ಮುಖಕ್ಕೆ ಕಲ್ಲೆಸೆಯಲು ಅತಿಥಿಗಳಿಗೆ ಅವಕಾಶ ಮಾಡಿಕೊಟ್ಟನು. ಗೋಪುರ ಮಾತ್ರ ಸಂರಕ್ಷಿತ ಸ್ಮಾರಕವಾಗಿ ಉಳಿದಿದೆ.

ಒಟ್ಟಿನಲ್ಲಿ, ಟಿಲ್ಯೂ ಜನಸಾಮಾನ್ಯರಿಗೆ ಅಗ್ಗದ ಬೆಲೆಯಲ್ಲಿ ಬಿಡುವಿನ ಸಂತೋಷವನ್ನು ಒದಗಿಸಿದನೆಂಬುದು ನಿಜ. ಸ್ಥಳೀಯ ದಬ್ಬಾಳಿಕೆಯನ್ನು ಎದುರಿಸಿದನೆಂಬುದೂ ನಿಜ. ಆದರೆ ಆತನ ಬೇಲಿಯೊಳಗೆ ನಗುವ ಹಕ್ಕು ಎಲ್ಲರಿಗೂ ಸಿಕ್ಕಿದ್ದರೂ ನಗೆಗೆ ಈಡಾಗುವ ಹೊಣೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿರಲಿಲ್ಲ. ಜನಪ್ರಿಯ ವಿನೋದದ ಚರಿತ್ರೆಯನ್ನು ಬರೆಯುವವರು ಟಿಕೆಟಿನ ಲೆಕ್ಕದೊಂದಿಗೆ ಈ ಲೆಕ್ಕವನ್ನೂ ಸೇರಿಸಿಕೊಳ್ಳಬೇಕಾದುದು ಅಗತ್ಯ.